ಸಂತೆ ಪಾಟ ಅಲ್ಲ

ನಮ್ಮ ಮಾಲೂರು ಚರ್ಚಿನ ಗಾನವೃಂದದ ಮಾಸ್ತರರು ಲ್ಯಾಟಿನ್ ಗೀತೆ ಕಲಿಸುವಾಗ ಕಿರುಬೆರಳನ್ನು ಎತ್ತಿಕೊಂಡೇ ಇರುತ್ತಿದ್ದರು. "ಸಂತೆ ಪಾಟ ಅಲ್ಲ ಕಣ್ರಮ್ಮ ಇದು," ಎನ್ನುವುದು ಅವರ ಪಲ್ಲವಿ. ಹಾಡಿಗೆ ಅವರು ತೆಲುಗಿನವರಂತೆ 'ಪಾಟ' ಎಂದೇ ಅನ್ನುತ್ತಿದ್ದರು. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಹತ್ತಿರವಾದಾಗ, ಇಪ್ಪತ್ತು ವರ್ಷ ಹಾಡಿದ್ದ ಹೂವಿನ ಅಜ್ಜಿಯನ್ನು, ಉಚ್ಚಾರದಲ್ಲಿ ತೆಲುಗು ಇಣುಕುತ್ತದೆಂದು ವೃಂದದಿಂದ ತೆಗೆದರು.

"ದೇವ್ರಿಗೆ ತೆಲುಗು ಬರಲ್ವಾ ಸಾರ್?" ಎಂದಳು ಅಜ್ಜಿ. ಮಾಸ್ತರರು ಪುಸ್ತಕದ ಹಾಳೆ ತಿರುವಿದರು.

ಆ ನಲವತ್ತು ದಿನ ಸಂಭ್ರಮದ 'ಅಲ್ಲೆಲೂಯ' ಹಾಡಬಾರದೆಂದು ನಮ್ಮನ್ನು ದಿನವೂ ಎಚ್ಚರಿಸಿದವರು ಅವರೇ. ಮೊದಲ ಭಾನುವಾರ, ಶುಭಸಂದೇಶದ ವಾಚನಕ್ಕೆ ಜನ ಎದ್ದು ನಿಂತಾಗ, ಕಣ್ಣು ಮುಚ್ಚಿ, ಕಿರುಬೆರಳೆತ್ತಿ 'ಅಲ್ಲೆಲೂಯ' ಎಂದು ಶುರುಮಾಡಿದವರೂ ಅವರೇ. ನಾವು ಬಾಯಿ ತೆರೆಯಲಿಲ್ಲ. ಹಿಂದಿನ ಬೆಂಚಿನಿಂದ ಅಜ್ಜಿ, ಅದರ ಬದಲಿಗೆ ಹಾಡಬೇಕಾದ ತಪಸ್ಸುಕಾಲದ ಸ್ತುತಿಯನ್ನು ಎತ್ತಿಕೊಂಡಳು. ಇಡೀ ಚರ್ಚು ಅವಳೊಂದಿಗೆ ಹಾಡಿತು.

ಬಲಿಪೂಜೆ ಮುಗಿದ ಮೇಲೆ ಮಾಸ್ತರರು ಅವಳ ಬಳಿಗೇ ಹೋದರು. ವೃಂದಕ್ಕೆ ಮತ್ತೆ ಕರೆಯುತ್ತಾರೆ ಎಂದುಕೊಂಡೆವು.

"ಉಚ್ಚಾರ ಇನ್ನೂ ತಿದ್ಕೊಂಡಿಲ್ಲ ನೀವು," ಎಂದರು.