ಮರದ ಕೇಜಿಗೆ ಮೂರು ಬೆಲ್

ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮ ಯಜಮಾನರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ನನ್ನೊಬ್ಬಳನ್ನೇ ಒಳಗೆ ಕರೆದರು. ಗಣಿಯ ದೂಳು ಕೂತು ಕೂತು ಶ್ವಾಸಕೋಶ ಕಲ್ಲಾಗಿದೆ, ಔಷಧಿಯಿಂದ ಇನ್ನು ಆಗುವುದೇನಿಲ್ಲ, ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಳ್ಳಿ ಎಂದರು. ಹೊರಗೆ ಬಂದವಳನ್ನು ಇವರು "ಏನಂತೆ?" ಎಂದು ಕೇಳಿದರು.

"ತಣ್ಣೀರು ಕುಡೀಬಾರ್ದಂತೆ."

"ಅಷ್ಟ್ ಏಳೋಕೆ ಇಷ್ಟೊತ್ತಾ?"

ಆ ಮುಖ ನೋಡಿಕೊಂಡು ಕಾಮಸಮುದ್ರದ ಬಸ್ಸಿನಲ್ಲಿ ಪಕ್ಕಪಕ್ಕ ಕೂರುವ ಧೈರ್ಯ ನನಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಾದಿಯಲ್ಲಿ ಒಂದು ಹಳೆಯ ಹಾಲ್ ಮುಂದೆ ಬ್ಯಾನರ್ ಕಟ್ಟಿದ್ದರು. ಬೆಂಗಳೂರಿನ ಮ್ಯೂಸಿಯಮ್ಮಿನವರ ಪ್ರದರ್ಶನ, ಪ್ರವೇಶ ಉಚಿತ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿಯವಳಲ್ಲ ನಾನು. ಆದರೂ ಅವತ್ತು ಒಳಗೆ ಹೊಕ್ಕೆ.

ಒಳಗೆಲ್ಲ ಮರದ ಯಂತ್ರಗಳು. ಐನೂರು ವರ್ಷದ ಹಿಂದೆ ಇಟಲಿಯಲ್ಲಿದ್ದ ಚಿತ್ರಗಾರನೊಬ್ಬ ಕಾಗದದ ಮೇಲೆ ಬರೆದಿಟ್ಟಿದ್ದವಂತೆ. ಅವನು ಬದುಕಿದ್ದಾಗ ಅವುಗಳಲ್ಲಿ ಎಷ್ಟೋ ಯಂತ್ರಗಳನ್ನು ಯಾರೂ ಕಟ್ಟಲೇ ಇಲ್ಲವಂತೆ. ವಿವರಿಸಲು ನಿಂತಿದ್ದ ಹುಡುಗಿ ಇದನ್ನು ಹಬ್ಬದ ಸುದ್ದಿಯ ಹಾಗೆ ನಗುನಗುತ್ತಾ ಹೇಳಿದಳು. ಬಾವಲಿಯ ರೆಕ್ಕೆ ಬಡಿಯುವ ವಿಮಾನ, ನೀರೆತ್ತುವ ತಿರುಪು. ಯಾರು ಬೇಕಾದರೂ ಹಿಡಿ ತಿರುಗಿಸಿ ನೋಡಬಹುದಿತ್ತು. ಅಂಗನವಾಡಿಯ ನನ್ನ ಮಕ್ಕಳನ್ನು ಬಿಟ್ಟಿದ್ದರೆ ಸಂಜೆಯೊಳಗೆ ಎಲ್ಲ ಸೌದೆಯಾಗುತ್ತಿತ್ತು.

ಇವರು ಎಲ್ಲ ಬಿಟ್ಟು ಭಾರ ಎತ್ತುವ ಯಂತ್ರದ ಮುಂದೆ ನಿಂತರು. ಹಲ್ಲುಗಾಲಿ, ಹಗ್ಗ, ಹಗ್ಗದ ತುದಿಯಲ್ಲೊಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಬೆರಳುದ್ದದ ಮರದ ಗೊಂಬೆ.

"ತಿರುಗಿಸಿ ಸಾರ್" ಎಂದಳು ಹುಡುಗಿ.

"ಒಳ್ಗೆ ಮನುಷ್ಯ ಅವ್ನೆ ಕಣಮ್ಮಾ. ಬೆಲ್ ಇಲ್ದೆ ಎಂಗೆ ಎತ್ತೋದು?"

ಮೇಜಿನ ಮೇಲೆ ಬೆರಳು ಮಡಿಸಿ ಮೂರು ಸಲ ಬಡಿದು ಕಾಯುತ್ತಾ ನಿಂತರು. ಹುಡುಗಿ ನನ್ನ ಮುಖ ನೋಡಿದಳು. ಇವರು ಚಾಂಪಿಯನ್ ರೀಫ್ಸ್‌ನ ಗಣಿಯಲ್ಲಿ ಮೊದಲು ಬಂಡೆ ಕೊರೆದವರು, ಆಮೇಲೆ ಪಾತಾಳದಲ್ಲಿ, ಆಳುಗಳನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವ ಕೇಜಿನ ಬಾಗಿಲಲ್ಲಿ ನಿಂತು ಬೆಲ್ ಕೊಟ್ಟವರು. ಕೇಜಿನಲ್ಲಿ ಜನರಿದ್ದರೆ ಮೂರು ಬೆಲ್. ಮೇಲೆ ಎಂಜಿನ್ ನಡೆಸುವವನು ತಿರುಗಿ ಮೂರು ಕೊಡಬೇಕು. ಕೊಡುವವರೆಗೆ ಕೇಜ್ ಅಲ್ಲಾಡುವಂತಿಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಆ ಕಟ್ಟಳೆ ಇವರ ಮೈಯಿಂದ ಇಳಿದಿರಲಿಲ್ಲ.

ಹಿಂದೆ ನಿಂತಿದ್ದ ಕಾಲೇಜು ಹುಡುಗರು ಕಿಸಕ್ಕೆಂದರು. ನನಗೆ ಮೂಗಿನ ಮೇಲೇ ಕೋಪ. ಬಸ್ಸಿನ ಹೊತ್ತು ಬೇರೆ ಆಗಿತ್ತು. ಮೇಜಿನ ಆಚೆ ಬದಿಗೆ ಹೋಗಿ ಪಟಪಟಪಟ ಎಂದು ಮೂರು ಬಡಿದೆ. "ತಗೊಳ್ರೀ, ಬಂತು ಬೆಲ್ಲು. ಎತ್ರೀ ಬೇಗ."

ಇವರು ನಕ್ಕರು. ಎಷ್ಟೋ ತಿಂಗಳಿಂದ ನಾನು ಕಾಣದ ನಗು. ಹಿಡಿ ತಿರುಗಿಸಿದರು. ಒಂದು ಸುತ್ತು ಪೂರ್ತಿಯಾಗುವ ಮೊದಲೇ ಉಸಿರು ಸಿಕ್ಕಿಹಾಕಿಕೊಂಡು, ಮೇಜು ಹಿಡಿದು ಬಗ್ಗಿ ಕೆಮ್ಮತೊಡಗಿದರು. ಮಕ್ಕಳು ಆಡುವ ಹಿಡಿ ಅದು. ಹುಡುಗಿ ನೀರು ತಂದಳು. ಹಲ್ಲುಗಾಲಿಗೆ ಕೊಕ್ಕೆ ಬಿದ್ದು ಗೊಂಬೆ ನಡುವೆ ನೇತಾಡುತ್ತಿತ್ತು. ನಾನು ರಟ್ಟೆ ಹಿಡಿದು ಎಳೆದರೂ ಇವರು ಕದಲಲಿಲ್ಲ.

"ನಡುವ್ನಾಗೆ ಬಿಟ್ ಓಗ್ಬಾರ್ದು ಕಣೇ. ನೀನಾದ್ರೂ ಎತ್ತು."

ಎತ್ತಿದೆ. ಗೊಂಬೆ ಮೇಲಕ್ಕೆ ಮುಟ್ಟಿದ ಮೇಲೆ ಇವರು ಹೊರಟರು. ಬಸ್ಸಿನಲ್ಲಿ ಕೂತಾಗ, "ತಣ್ಣೀರಿನ್ ಮಾತು ಸುಳ್ಳು, ಅಲ್ವಾ?" ಎಂದರು. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ. ಅಳು ಬಂತು, ಅತ್ತುಬಿಟ್ಟೆ.

ಈಗ ಅವರು ಮಂಚ ಬಿಟ್ಟು ಏಳುವುದಿಲ್ಲ. ಮೂಗಿಗೆ ಪೈಪು, ಪಕ್ಕದಲ್ಲಿ ಗುರುಗುಟ್ಟುವ ಆಕ್ಸಿಜನ್ ಯಂತ್ರ. ಕರೆಂಟ್ ಹೋದರೆ ನನ್ನ ಜೀವವೂ ಅರ್ಧ ಹೋಗುತ್ತದೆ. ಮಧ್ಯಾಹ್ನ ಅಂಗನವಾಡಿಯಿಂದ ಬಂದು ಪಕ್ಕದಲ್ಲಿ ಕೂತರೆ, ಮಂಚದ ಕಬ್ಬಿಣದ ಪಟ್ಟಿಗೆ ಮೂರು ಸಲ ಬಡಿದು ನನ್ನ ಮುಖ ನೋಡುತ್ತಾರೆ. ಮೊದಲ ಸಲ ನೀರು ಬೇಕೇನೋ ಎಂದು ಲೋಟ ತಂದೆ. ಬೇಡವೆಂದು ತಲೆ ಅಲ್ಲಾಡಿಸಿ ಮತ್ತೆ ಬಡಿದರು. ಆಗ ಅರ್ಥವಾಯಿತು.

"ಸಾಕಾಗೋಯ್ತು ಕಣೇ. ಬೆಲ್ ಕೊಡೇ."

"ಹಸೂಗೆ ಹುಲ್ಲಾಕ್ಬೇಕು" ಎಂದು ಎದ್ದು ಕೊಟ್ಟಿಗೆಗೆ ಬರುತ್ತೇನೆ. ನಾನು ಕೊಡದಿದ್ದ ಮಾತ್ರಕ್ಕೆ ಏನೂ ನಿಲ್ಲುವುದಿಲ್ಲ, ಗೊತ್ತು. ಬಸ್ಸು ತಪ್ಪುತ್ತದೆಂದು ಅಷ್ಟು ಸಲೀಸಾಗಿ ಬಡಿದಿದ್ದು ಇದೇ ಕೈ. ಕೊಟ್ಟಿಗೆಯವರೆಗೂ ಮತ್ತೆ ಆ ಮೂರು ಬಡಿತ ಕೇಳಿಸುತ್ತದೆ. ನಾನು ಕೊಟ್ಟ ಬೆಲ್ಲೆಂದು ತಿಳಿದಾರೆಂದು ಹಾಲಿನ ಬಕೆಟ್ಟನ್ನು ಸದ್ದಾಗದ ಹಾಗೆ ನೆಲಕ್ಕಿಡುತ್ತೇನೆ.