ಬೇವಿನ ಕಟ್ಟೆಯ ಮೇಲೆ ಸಾಹೇಬರ ನಾಯಿ

ಹೋಟೆಲಿನ ಹೊರಗಿನ ಕಟ್ಟೆಯ ಮೇಲೆ ನಾಯಿ ಕೂಡಬಹುದೇ, ಕೂಡಬಾರದೇ ಎಂಬ ವಿಷಯದ ಮೇಲೆ ನಮ್ಮ ಕಚೇರಿಯಲ್ಲಿ ಎರಡು ತಿಂಗಳು ಚರ್ಚೆ ನಡೆಯಿತು. ಪೊಲೀಸ್ ಆಕ್ಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಭಾರತದ ಸೈನ್ಯ ಬಂದು ಹೈದರಾಬಾದಿನ ಹಳೆಯ ಸರ್ಕಾರ ಹೋಗಿತ್ತು. ಹಳ್ಳಿಗಳಲ್ಲಿ ಸುಟ್ಟ ಮನೆಗಳಿಗೆ ಮಾಡು ಬಂದಿರಲಿಲ್ಲ. ಗಂಡ ಎಲ್ಲಿ ಹೋದ, ಮಗ ಎಲ್ಲಿ ಹೋದ ಎಂದು ಕೇಳುವ ಹೆಂಗಸರು ಅರ್ಜಿ ಹಿಡಿದು ದಿನವೂ ನಮ್ಮ ವರಾಂಡದಲ್ಲಿ ಕೂತಿರುತ್ತಿದ್ದರು. ಅವರ ಕಾಲು ತುಳಿಯದಂತೆ ದಾಟಿಕೊಂಡು ಹೋಗಿ ನಾವು ನಾಯಿಯ ಬಗ್ಗೆ ಮಾತಾಡುತ್ತಿದ್ದೆವು. ನಾವು ಎಂದೇ ಬರೆಯುತ್ತೇನೆ. ನಾನೇನು ಬೇರೆ ಮಣ್ಣಿನಿಂದ ಮಾಡಿದವನಲ್ಲ.

ಆಗ ನಾನು ಕಲಬುರಗಿಯ ಆ ಕಚೇರಿಯಲ್ಲಿ ಹೊಸ ಗುಮಾಸ್ತ. ಇಪ್ಪತ್ತೆರಡು ವರ್ಷ, ನೌಕರಿ ಖಾಯಂ ಆಗಿರಲಿಲ್ಲ. ಹಳೆಯ ಗುಮಾಸ್ತರಿಗೆ ಉರ್ದು ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ. ಮದ್ರಾಸಿನ ಕಡೆಯಿಂದ ಬಂದ ಹೊಸ ಸಾಹೇಬರಿಗೆ ನಮ್ಮ ಭಾಷೆಗಳಲ್ಲಿ ಒಂದೂ ತಿಳಿಯುತ್ತಿರಲಿಲ್ಲ. ನನಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಹೀಗಾಗಿ ಸಾಹೇಬರು ಎಲ್ಲಿ ಹೋದರೂ ದುಭಾಷಿಯಾಗಿ ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆಯುವುದು ನನ್ನ ಕೆಲಸವಾಯಿತು.

ನನ್ನ ಮೇಲೆ ಒಬ್ಬ ಪೇಶ್ಕಾರನಿದ್ದ, ಅಂದರೆ ಸಾಹೇಬರ ಮುಂದೆ ಕಾಗದ ಇಡುವ ಹಿರಿಯ ಗುಮಾಸ್ತ. ಆಕ್ಷನ್ನಿಗೆ ಎಂಟು ದಿನ ಮೊದಲಿನವರೆಗೂ ಶೇರವಾನಿಯ ಒಂದು ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಸರ್ಕಾರ್ ಸರ್ಕಾರ್ ಎಂದು ಬಾಗುತ್ತಿದ್ದವನು. ಎಂಟು ದಿನ ಕಳೆದ ಮೇಲೆ ನೋಡಿದರೆ ಖಾದಿ ಟೊಪ್ಪಿಗೆ, ಬೆಳಿಗ್ಗೆ ಶರಣಬಸವೇಶ್ವರರ ಗುಡಿಗೆ ಹೋಗಿ ಬಂದ ವಿಭೂತಿ, ಬಾಯಲ್ಲಿ ದೇಶಸೇವೆ. ಗಾಳಿ ಬಂದಾಗ ತೂರಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇವನು ಗಾಳಿ ಬರುವ ಮೊದಲೇ ಮೊರ ಹಿಡಿದು ನಿಂತಿದ್ದ ಜಾತಿ.

ಕಚೇರಿಯ ಎದುರಿಗೆ, ಸರ್ಕಾರದ ಜಾಗದಲ್ಲೇ, ಒಂದು ಚಹಾದ ಹೋಟೆಲಿತ್ತು. ತಗಡಿನ ಮಾಡು, ಮುಂದೆ ದೊಡ್ಡ ಬೇವಿನ ಮರ, ಮರದ ಸುತ್ತ ಶಹಾಬಾದ್ ಕಲ್ಲಿನ ಕಟ್ಟೆ. ನಡೆಸುತ್ತಿದ್ದವನು ನಮ್ಮೂರು ಕಮಲಾಪುರದ ಮುಸಲ್ಮಾನ, ನನ್ನ ತಂದೆಯ ಓರಿಗೆಯವನು. ಎಲ್ಲರಿಗೂ ಅವನು ಚಾಚಾ. ನಾನು ಮೊದಲ ದಿನ ಕಲಬುರಗಿಗೆ ಬಂದು ಇಳಿದಾಗ ನನ್ನನ್ನು ಆ ಕಟ್ಟೆಯ ಮೇಲೆ ಕೂಡಿಸಿ, "ನಮ್ಮೂರ ಹುಡುಗ, ಕಚೇರ್ಯಾಗ ಬರಿಯಾಕ ಬಂದಾನ," ಎಂದು ಬಂದವರಿಗೆಲ್ಲ ತೋರಿಸಿದ್ದ. ಅವನಿಗೆ ನನ್ನ ಮೇಲೆ ಅಂಥ ಅಭಿಮಾನ.

ಆ ಕಟ್ಟೆಗೆ ಒಂದು ಶಾಸ್ತ್ರವಿತ್ತು. ನಮ್ಮ ಕಚೇರಿಯ ಮಡಿವಂತರು ಮುಸಲ್ಮಾನನ ಹೋಟೆಲಿನ ಒಳಗೆ ಕಾಲಿಡುತ್ತಿರಲಿಲ್ಲ, ಇಟ್ಟರೆ ಜಾತಿ ಕೆಡುತ್ತಿತ್ತು. ಹೊರಗೆ ಬೇವಿನ ನೆರಳಲ್ಲಿ ಕೂತರೆ ಕೆಡುತ್ತಿರಲಿಲ್ಲ. ಅದೇ ಒಲೆ, ಅದೇ ಹಾಲು, ಅದೇ ಕೈ, ಅದೇ ಕಪ್ಪು, ಚಹಾ ಬಗ್ಗಿಸಿ ಕುಡಿಯುವ ಅದೇ ಬಶಿ. ಒಳಗೆ ಹಮಾಲರು, ಕಲ್ಲು ಒಡೆಯುವವರು, ನಮಾಜು ಮುಗಿಸಿ ಬಂದ ಮುದುಕರು ಕೂತು ಕುಡಿದ ಬಶಿಯೇ ತೊಳೆದು ಹೊರಗೆ ಬರುತ್ತಿತ್ತು. ಹೊಸ್ತಿಲು ದಾಟುವಾಗ ಅದು ತಾನಾಗಿಯೇ ಶುದ್ಧವಾಗುತ್ತಿತ್ತೆಂದು ಕಾಣುತ್ತದೆ. ಪೇಶ್ಕಾರ ಎರಡು ಕಪ್ಪು ಕುಡಿದು, ಬಾಯಿ ಮುಕ್ಕಳಿಸಿ, ಮನೆಗೆ ಹೋಗಿ ಸಂಧ್ಯಾಕಾಲದ ಪೂಜೆಗೆ ಕೂಡುತ್ತಿದ್ದ.

ಚಾಚಾನದೂ ಒಂದು ನೇಮವಿತ್ತು. ನಾಯಿ ಮುಟ್ಟಿದ ಪಾತ್ರೆ ಅವನಿಗೆ ನಾಪಾಕ್, ಅಶುದ್ಧ. ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಚ್ಚಿ. ಹಾಗೆಂದು ನಾಯಿ ಕಂಡರೆ ಕಲ್ಲು ಎತ್ತುವವನಲ್ಲ. ದಿನವೂ ಉಳಿದ ರೊಟ್ಟಿಯನ್ನು ಹಿತ್ತಲ ಗೋಡೆಯ ಹತ್ತಿರ ಬೀದಿನಾಯಿಗಳಿಗೆ ತಾನೇ ಹಾಕುತ್ತಿದ್ದ. ಕಟ್ಟೆಯ ಮೇಲೆ ಮಾತ್ರ ಬಿಡುತ್ತಿರಲಿಲ್ಲ. "ಅದರ ಜಾಗಾ ಅದಕ್ಕ, ಮನಷಾನ ಜಾಗಾ ಮನಷಾಗ," ಎನ್ನುತ್ತಿದ್ದ. ನನ್ನ ಬಶಿ ಪಾಕ್ ಇದೆ ಎಂದು ಯಾರಿಗೆ ಬೇಕಾದರೂ ಆಣೆ ಇಟ್ಟು ಹೇಳಬಲ್ಲೆ ಎಂಬುದೇ ಅವನ ವ್ಯಾಪಾರದ ಬುಡ.

ಹೊಸ ಸಾಹೇಬರಿಗೆ ಉದ್ದ ಕಿವಿಯ ಒಂದು ಕಂದು ನಾಯಿ ಇತ್ತು. ಐವಾನ್-ಎ-ಶಾಹಿಯ ಬಂಗಲೆಯಿಂದ ಸಂಜೆ ಐದಕ್ಕೆ ಅದನ್ನು ಹಿಡಿದುಕೊಂಡು ತಿರುಗಾಡಲು ಹೊರಡುತ್ತಿದ್ದರು. ನಮ್ಮ ಗುಮಾಸ್ತರು ಆ ನಾಯಿಗೆ ಬಹುವಚನ ಹಚ್ಚಿದ್ದರು. "ಬಂದಾರ ನೋಡ್ರಿ," "ಇವತ್ತ್ಯಾಕೋ ಸಪ್ಪಗ ಅದಾರ್ರಿ," ಎಂದು ವಿಚಾರಿಸಿಕೊಳ್ಳುತ್ತಿದ್ದರು. ವರಾಂಡದಲ್ಲಿ ಕೂತ ಹೆಂಗಸರಿಗೆ ಮಾತ್ರ "ಏಯ್, ಸರಿ ಆ ಕಡೆ."

ಒಂದು ಸಂಜೆ ಸಾಹೇಬರು ಬೇವಿನ ಮರದ ಕೆಳಗೆ ನಿಂತರು. ಕೂತಿದ್ದವರೆಲ್ಲ ಎದ್ದರು. ಖಾಲಿಯಾದ ಕಟ್ಟೆಯ ಮೇಲೆ ನಾಯಿ ಜಿಗಿದು ಕೂತಿತು. ಪೇಶ್ಕಾರ ಚಪ್ಪಾಳೆ ತಟ್ಟಿ, "ಚಾಚಾ, ಹಾಲು ತಾ, ಬಶ್ಯಾಗ ಹಾಕಿ ತಾ!" ಎಂದು ಕೂಗಿದ.

ಚಾಚಾ ಬರಿಗೈಯಲ್ಲಿ ಹೊರಗೆ ಬಂದ. ಸಾಹೇಬರಿಗೆ ಸಲಾಮು ಮಾಡಿ, ನನ್ನ ಕಡೆ ತಿರುಗಿ, ನಿಧಾನವಾಗಿ, ನನಗೆ ತರ್ಜುಮೆ ಮಾಡಲು ಅನುಕೂಲವಾಗಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದ. "ಸಾಹೇಬರಿಗೆ ಹೇಳು ಬೇಟಾ. ಅವರ ನಾಯಿ ನನಗ ಮೆಹಮಾನ್ ಇದ್ದಂಗ. ಮರದ ಬುಡಕ್ಕ ನೆರಳಾಗ ಕಟ್ಲಿ, ಮಣ್ಣಿನ ಪರಿಯಾಣದಾಗ ನಾನೇ ಹಾಲು ಇಡ್ತೀನಿ. ಕಟ್ಟಿ ಮ್ಯಾಲ ಬ್ಯಾಡ, ಬಶಿ ಮುಟ್ಟೋದು ಬ್ಯಾಡ. ಅದ್ರಾಗ ಮಂದಿ ಕುಡೀತಾರ, ನಮಾಜಿನವ್ರು ಕುಡೀತಾರ. ಇಷ್ಟು ಮೆಹರ್ಬಾನಿ ಮಾಡ್ರಿ ಅಂತ ಹೇಳು."

"ಏನಂತೆ?" ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು.

ಪೇಶ್ಕಾರ ನನ್ನ ಮುಖವನ್ನೇ ನೋಡುತ್ತಿದ್ದ. ನೌಕರಿ ಖಾಯಂ ಮಾಡುವ ಕಾಗದ ಅವನ ಕೈಯಲ್ಲಿತ್ತು. ಆ ದಿನಗಳಲ್ಲಿ ಒಬ್ಬ ಮುಸಲ್ಮಾನ ಹೋಟೆಲಿನವನು ಹೊಸ ಸರ್ಕಾರದ ಸಾಹೇಬರಿಗೆ ಬೇಡ ಎಂದರೆ ಏನಾದೀತು ಎಂದೂ ಹೆದರಿದೆ, ಅದು ಸುಳ್ಳಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡೆ. "ತಮ್ಮ ನಾಯಿ ಇಲ್ಲಿ ಕೂತದ್ದು ತನ್ನ ಭಾಗ್ಯ ಅನ್ನುತ್ತಾನೆ, ದಿನವೂ ಕರೆದುಕೊಂಡು ಬರಬೇಕಂತೆ," ಎಂದೆ.

ಸಾಹೇಬರ ಮುಖ ಅರಳಿತು. ಚಾಚಾನ ಕಡೆ ನೋಡಿ ಎದೆಯ ಮೇಲೆ ಕೈಯಿಟ್ಟು ಥ್ಯಾಂಕ್ಸ್ ಹೇಳಿದರು. ಚಾಚಾ ನನ್ನನ್ನು ಕೇಳಿದ, "ಏನಂತಾರ?"

"ಒಪ್ಪಂಗಿಲ್ಲಂತ್ರಿ ಚಾಚಾ. ಇಲ್ಲೇ ಕುಂದ್ರತದ ಅಂತಾರ."

ಚಾಚಾ ನನ್ನನ್ನು ನಂಬಿದ. ನಮ್ಮೂರ ಹುಡುಗ, ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ. ಒಳಗೆ ಹೋಗಿ ಹಾಲು ತಂದು ಇಟ್ಟ.

ಅಂದಿನಿಂದ ಸಾಹೇಬರು ದಿನವೂ ಬರತೊಡಗಿದರು, ನಾಯಿಯೂ ದಿನವೂ ಕಟ್ಟೆ ಏರತೊಡಗಿತು. ಚಾಚಾ ಅದಕ್ಕಾಗಿ ಒಂದು ಮಣ್ಣಿನ ಪರಿಯಾಣ ಬೇರೆ ಇಟ್ಟು ನೋಡಿದ. ಪೇಶ್ಕಾರನಿಗೆ ಬೆಂಕಿ ಬಿದ್ದಂತಾಯಿತು. "ಸಾಹೇಬರ ನಾಯಿಗೆ ಮಣ್ಣಿನ ಪರಟಿ ಇಡ್ತಿಯೇನೋ?" ಎಂದು ಬೈದು ತನ್ನ ಬಶಿಯನ್ನೇ ನಾಯಿಯ ಮುಂದೆ ಹಿಡಿದ. ಅದನ್ನು ಕಂಡ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಒಬ್ಬೊಬ್ಬನೂ ತನ್ನ ಬಶಿಯಲ್ಲಿ ಒಂದು ಗುಟುಕು ಉಳಿಸಿ ಚಾಚುತ್ತಿದ್ದ. ನಾಯಿ ಯಾರದನ್ನು ನೆಕ್ಕಿತೋ ಅವನು ಮರುದಿನ ಕಚೇರಿಯಲ್ಲಿ ಎದೆ ಮುಂದೆ ಮಾಡಿ ನಡೆಯುತ್ತಿದ್ದ. ಹಮಾಲನ ನೆರಳು ಬಿದ್ದರೆ ಪಂಚೆ ಎತ್ತಿಕೊಳ್ಳುತ್ತಿದ್ದ ಮಡಿವಂತರು ಇವರೇ. ನಾಯಿಯ ಎಂಜಲು ಬಶಿಯನ್ನು ಮತ್ತೆ ತುಟಿಗೆ ಇಟ್ಟುಕೊಂಡವನನ್ನು ನನ್ನ ಕಣ್ಣಾರೆ ನೋಡಿದ್ದೇನೆ. ನಾಯಿಯನ್ನು ಸಿಂಹಾಸನದ ಮೇಲೆ ಕೂಡಿಸಿದರೆ ಏನಾಗುತ್ತದೆ ಎಂದು ಗಾದೆ ಕಟ್ಟಿದವನು ನಮ್ಮ ಕಚೇರಿಯನ್ನು ನೋಡಿರಲಿಲ್ಲ. ಪಾಪ, ಆ ನಾಯಿ ಮರ್ಯಾದೆಯಿಂದ ಕೂತಿರುತ್ತಿತ್ತು. ಬಾಲ ಅಲ್ಲಾಡಿಸುತ್ತಿದ್ದವರು ಸುತ್ತ ನಿಂತವರು.

ಸಾಹೇಬರು ಹೊರಟ ಮೇಲೆ ಚಾಚಾ ಕಟ್ಟೆಯ ಮೇಲಿನ ಬಶಿಗಳನ್ನೆಲ್ಲ ಒಯ್ದು ಪೀಪಾಯಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ತೊಳೆಯುತ್ತಿದ್ದ. ಒಂದೊಂದಕ್ಕೂ ಏಳು ಸಲ. ಮಣ್ಣು ಹಚ್ಚಿ ಹಚ್ಚಿ ಬಶಿಗಳ ಅಂಚಿನ ನೀಲಿ ಹೂವೆಲ್ಲ ಮಾಸಿತು. ನೀರು ಹೊತ್ತು ತರುವುದರಲ್ಲೇ ಅವನ ಸಂಜೆಯ ವ್ಯಾಪಾರ ಮುಳುಗಿತು. ನಾನು ಅತ್ತ ನೋಡದೆ ಹೋಗುವುದನ್ನು ಕಲಿತೆ.

ಆ ತೊಳೆಯುವುದೂ ಕಚೇರಿಯವರ ಕಣ್ಣಿಗೆ ಬಿತ್ತು. "ಸಾಹೇಬರ ನಾಯಿ ಎಂಜಲಾ ಅಂದ್ರ ಮಣ್ಣು ಹಚ್ಚಿ ತೊಳೀತಾನ್ರಿ ಇವ, ಎಷ್ಟ್ ಸೊಕ್ಕು ನೋಡ್ರಿ," ಎಂದು ಪೇಶ್ಕಾರ ಶುರು ಮಾಡಿದ. ಆಗಲೇ ಚರ್ಚೆ ಹುಟ್ಟಿದ್ದು. ಹೊರಗಿನ ಕಟ್ಟೆ ಹೋಟೆಲಿಗೆ ಸೇರಿದ್ದೋ ರಸ್ತೆಗೆ ಸೇರಿದ್ದೋ, ಬಯಲಿನಲ್ಲಿ ಮುಟ್ಟು ಚಟ್ಟು ಉಂಟೋ ಇಲ್ಲವೋ, ಪುರಾಣದಲ್ಲಿ ನಾಯಿ ಯಾರ ಯಾರ ಜೊತೆ ಹೋಗಿತ್ತು. ರುಚಿ ಹತ್ತಿದವರಂತೆ ಮಾತಾಡುತ್ತಿದ್ದರು. ಕಡೆಗೆ ಮಾತು ಬಂದು ನಿಂತದ್ದು ಎಲ್ಲಿ ಎಂದರೆ, ಆಕ್ಷನ್ನಿಗೆ ಮುಂಚೆ ಈ ಚಾಚಾ ಹಳೆಯ ಸರ್ಕಾರದ ಪರ ಕವಾಯತು ಮಾಡುವ ರಜಾಕಾರರಿಗೆ ಪುಕ್ಕಟೆ ಚಹಾ ಕೊಡುತ್ತಿದ್ದನಂತೆ ಎಂಬಲ್ಲಿ. ಆ ದಿನಗಳಲ್ಲಿ ಅದೇ ಕಟ್ಟೆಯ ಮೇಲೆ ಕೂತು ಹಳೆಯ ಸರ್ಕಾರದ ಫರ್ಮಾನುಗಳನ್ನು ಗಟ್ಟಿಯಾಗಿ ಓದಿ ವಾಹ್ ವಾಹ್ ಎನ್ನುತ್ತಿದ್ದವನು ಪೇಶ್ಕಾರ. ಉಂಡ ಮನೆಯ ಜಂತಿ ಎಣಿಸುವವರು ಎಂದರೆ ಇವರೇ.

ಇತ್ತ ನಮಾಜಿನ ಮುದುಕರು ಒಂದು ದಿನ ಚಾಚಾನನ್ನು ಕೇಳಿದರು, "ಖಸಮ್ ಹಾಕಿ ಹೇಳು, ಈ ಬಶಿ ಪಾಕ್ ಅದನೋ ಇಲ್ಲೋ?" ಚಾಚಾ ಬಶಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಕೆಳಗಿಟ್ಟ. ಎಷ್ಟು ಬಶಿ, ಯಾವುದನ್ನು ನಾಯಿ ಮುಟ್ಟಿದೆ, ಯಾವುದನ್ನು ಬಿಟ್ಟಿದೆ ಎಂದು ಅವನಿಗೇ ಲೆಕ್ಕ ತಪ್ಪಿತ್ತು. ಮುದುಕರು ಎದ್ದು ಹೋದರು, ಮತ್ತೆ ಬರಲಿಲ್ಲ. ಅವರ ಹಿಂದೆ ಒಳಗೆ ಕೂಡುವ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು.

ಹಳೆಯ ಪರವಾನಗಿಗಳೆಲ್ಲ ಹೊಸದಾಗಿ ಆಗಬೇಕಿದ್ದ ಕಾಲ ಅದು. ಚಾಚಾನ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ಬರೆದು ಸಹಿಗೆ ಒಯ್ದೆ. ಅಷ್ಟಾದರೂ ಮಾಡಿದೆ ಎಂದು ನನಗೆ ಸಮಾಧಾನ. ಅವನು ಕಾಗದ ಮುಟ್ಟಲಿಲ್ಲ. "ಬ್ಯಾಡ ಬಿಡು ಬೇಟಾ. ಪಾಕ್ ಅದ ಅಂತ ಹೇಳಾಕ ಬರಲಾರದ ಚಹಾ ನಾ ಯಾರಿಗೆ ಕುಡಿಸ್ಲಿ?" ಎಂದ. ಮರುದಿನ ಕಪ್ಪು-ಬಶಿಗಳನ್ನು ಬೆತ್ತದ ಬುಟ್ಟಿಯಲ್ಲಿ ಹುಲ್ಲು ಹಾಕಿ ಜೋಡಿಸಿಕೊಂಡು ಕಮಲಾಪುರದ ಬಸ್ಸು ಹತ್ತಿದ. ಹೋಗುವಾಗಲೂ ನನಗೆ, "ಸಂಭಾಳಿಸಿಕೊಂಡು ಇರು," ಎಂದು ಹೇಳಿ ಹೋದ.

ಇಪ್ಪತ್ತು ದಿನದೊಳಗೆ ಅದೇ ಜಾಗದಲ್ಲಿ ಪೇಶ್ಕಾರನ ಭಾವಮೈದುನನ ಹೋಟೆಲು ಎದ್ದಿತು. ತೋರಣ, ಊದುಬತ್ತಿ, ಗೋಡೆಯ ಮೇಲೆ ದೇವರ ಪಟ. ಮೊದಲ ಸಂಜೆ ಸಾಹೇಬರು ಎಂದಿನಂತೆ ಬಂದರು, ನಾಯಿ ಎಂದಿನಂತೆ ಕಟ್ಟೆಗೆ ಜಿಗಿಯಿತು. ಆಗ ಪೇಶ್ಕಾರ ನನ್ನ ಕಿವಿಯಲ್ಲಿ, "ಹೇಳ್ರಿ ಅವರಿಗೆ. ಇದು ಮಡಿ ಹೋಟೆಲು, ನಾಯಿ ಕಟ್ಟಿ ಮ್ಯಾಲ ಬ್ಯಾಡ ಅಂತ ಹೇಳ್ರಿ," ಎಂದ. ಎರಡು ತಿಂಗಳು ಬಶಿ ಚಾಚಿದವನು! ಈ ಸಲ ಮಾತ್ರ ನಾನು ಅಕ್ಷರವೂ ತಪ್ಪದೆ ಹೇಳಿದೆ. ಹೇಳೆಂದು ಅಪ್ಪಣೆಯಾಗಿತ್ತಲ್ಲ.

ಸಾಹೇಬರು ಒಂದು ಕ್ಷಣವೂ ಯೋಚಿಸಲಿಲ್ಲ. "ಓಹ್, ಖಂಡಿತ," ಎಂದು ನಾಯಿಯನ್ನು ಕೆಳಗಿಳಿಸಿ ಮರದ ಬುಡಕ್ಕೆ ಕಟ್ಟಿದರು. ಆಮೇಲೆ ಕೂತು ಚಹಾ ಕುಡಿಯುತ್ತ ನನಗೆ ಹೇಳಿದರು: "ನಮ್ಮೂರಿನಲ್ಲೂ ಯಾರೂ ಬಿಡುವುದಿಲ್ಲ. ಆ ಹಿಂದಿನ ಮನುಷ್ಯನಿಗೆ ನಾಯಿಯ ಮೇಲೆ ಬಹಳ ಪ್ರೀತಿ ಇತ್ತು, ದಿನಾ ಕರೆತನ್ನಿ ಎಂದನಲ್ಲ. ಅವನ ಮನಸ್ಸು ನೋಯಬಾರದೆಂದು ಬರುತ್ತಿದ್ದೆ. ಈಗ ಎಲ್ಲಿದ್ದಾನೆ?"

ಊರಿಗೆ ಹೋದ ಎಂದೆ. ಚಹಾ ಕೈಯಲ್ಲೇ ಆರಿತು.

ಮುಂದಿನ ಭಾನುವಾರ ಕಮಲಾಪುರಕ್ಕೆ ಹೋದೆ. ಚಾಚಾ ಬಸ್ಸು ನಿಲ್ಲುವಲ್ಲಿ ಗೋಣಿತಾಟು ಹಾಸಿ ಕೆಂಪು ಬಾಳೆಹಣ್ಣು ಮಾರುತ್ತ ಕೂತಿದ್ದ. ನನ್ನನ್ನು ನೋಡಿ ನಕ್ಕು, ತಾಟಿನ ಒಂದು ಮೂಲೆ ಖಾಲಿ ಮಾಡಿಕೊಟ್ಟ. ನಾನು ಕೂಡಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಸಾಹೇಬರಿಗೆ ಏನೆಂದಿದ್ದೆ, ಅವನಿಗೆ ಏನೆಂದಿದ್ದೆ, ಮೊನ್ನೆ ಮರಕ್ಕೆ ನಾಯಿ ಹೇಗೆ ಕಟ್ಟಿಸಿಕೊಂಡಿತು.

ಅವನು ಹಣ್ಣಿನ ಮೇಲಿನ ನೊಣ ಓಡಿಸುವುದನ್ನು ನಿಲ್ಲಿಸಿದ. "ನಾ ಹೇಳಿದ್ದು ಸಾಹೇಬರಿಗೆ ಮುಟ್ಟಲೇ ಇಲ್ಲೇನು?" ಎಂದು ಕೇಳಿದ.

"ಇಲ್ಲ."

"ಒಂದು ಮಾತೂ?"

"ಇಲ್ರಿ ಚಾಚಾ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ಕಡೆ ನೋಡದೆ ಹೇಳಿದ: "ನಾ ಇಷ್ಟು ದಿನಾ ಆ ನಾಯಿಗಿ ಶಾಪಾ ಹಾಕೀನಿ. ಅದಕ್ಕ ಪಾಪ ಬಾಯಿಲ್ಲ. ನಿನಗಿತ್ತಲ್ಲೋ."

ಅಷ್ಟರಲ್ಲಿ ಯಾರೋ ಹಣ್ಣು ಕೇಳಿದರು. ಅವನು ಅವರ ಕಡೆ ತಿರುಗಿ ಒಳ್ಳೆಯ ಹಣ್ಣು ಆರಿಸತೊಡಗಿದ.