ಎಡಕ್ಕೆ ಬಿದ್ದ ಹೂ

ಹೂ ಎಡಕ್ಕೆ ಬಿದ್ದಿತ್ತು. ಬಲಕ್ಕೆ ಬಿತ್ತು ಎಂದು ಗಂಗವ್ವನಿಗೆ ನಾನು ಸುಳ್ಳು ಹೇಳಿದೆ. ನಾಲ್ಕು ವರ್ಷದಿಂದ ಈ ಮಾತು ನನ್ನೊಳಗೇ ಇದೆ — ಹೆಂಡತಿಗೆ ಹೇಳಿಲ್ಲ, ಮಗನಿಗೆ ಹೇಳಿಲ್ಲ, ದಿನವೂ ಯಾರ ಎದುರು ನಿಲ್ಲುತ್ತೇನೋ ಆ ಹನುಮಪ್ಪನಿಗೂ ಬಾಯಿಬಿಟ್ಟು ಹೇಳಿಲ್ಲ. ಅವನಿಗೆ ಹೇಳುವುದೇನು, ಅವನು ಕಣ್ಣಾರೆ ಕಂಡವನು.

ಹಾನಗಲ್ಲಿನಿಂದ ಆಡೂರಿನ ಕಡೆಗೆ ಬರುವ ರಸ್ತೆಯಲ್ಲಿ ನಮ್ಮ ಊರು. ಅಲ್ಲಿನ ಹನುಮಪ್ಪನ ಗುಡಿಯ ಪೂಜೆ ನಮ್ಮ ಮನೆತನದ್ದು. ಅಜ್ಜನವರು ಶಾಸ್ತ್ರ ಓದಿ ಹೆಸರು ಮಾಡಿದರು; ನನ್ನ ಪಾಲಿಗೆ ಬಂದದ್ದು ಪೂಜೆ ಮತ್ತು ಮುಂಗೋಪ, ಎರಡೇ. ಈ ಕಡೆಯ ಜನ ಹೆಣ್ಣು ನೋಡಲು ಹೊರಟರೂ, ಬೋರು ಹಾಕಿಸುವುದಿದ್ದರೂ ಮೊದಲು ಬಂದು ದೇವರ ಹತ್ತಿರ ಹೂ ಕೇಳುತ್ತಾರೆ. ಮೂರ್ತಿಯ ಎರಡು ಭುಜಕ್ಕೂ ನೀರು ಸವರಿ ಒಂದೊಂದು ಎಸಳು ಅಂಟಿಸುತ್ತೇನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕಾಯಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

ಗಂಗವ್ವ ಆ ಗುಡಿಗೆ ಇಪ್ಪತ್ತು ವರ್ಷ ಮಾಲೆ ಕಟ್ಟಿಕೊಟ್ಟವಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಹೂ ಕಟ್ಟಿಯೇ ಮನೆ ನಡೆಸುತ್ತಿದ್ದಳು. ಒಂದು ಮುಂಜಾನೆ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ನಿಂತಿದ್ದಾಗ, ಕಬ್ಬು ಹೇರಿದ ಟ್ರೇಲರೊಂದು ಟ್ರ್ಯಾಕ್ಟರಿನಿಂದ ಕಳಚಿಕೊಂಡು ಅವಳ ಮೇಲೆ ಬಂತು. ಜೀವ ಉಳಿಯಿತು. ಬಲಗೈ ಉಳಿದೂ ಉಳಿಯಲಿಲ್ಲ — ಬೆರಳು ಮಡಚುತ್ತಿರಲಿಲ್ಲ, ದಾರ ಹಿಡಿಯಲು ಬರುತ್ತಿರಲಿಲ್ಲ. ಇನ್ನೊಂದು ಶಸ್ತ್ರಚಿಕಿತ್ಸೆಯಾದರೆ ಕೈ ಸರಿಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಕೋರ್ಟಿನ ಪರಿಹಾರ ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ಯಾವ ವಕೀಲರನ್ನು ಹಿಡಿಯುವುದು ಎಂಬ ಮಾತು ಬಂತು. ಅವಳ ಅಣ್ಣ ಮಲ್ಲಪ್ಪ ಶಿಗ್ಗಾವಿಯ ಒಬ್ಬ ಹೆಣ್ಣುಮಗಳ ಹೆಸರು ತಂದ. ಅಪಘಾತದ ಕೇಸುಗಳಲ್ಲಿ ಪಳಗಿದವರು. ಕರೆಯದಿದ್ದರೂ ಆಸ್ಪತ್ರೆಗೆ ಬಂದು, ಗಂಗವ್ವನ ಮಂಚದ ಪಕ್ಕ ಕೂತು ವಿವರವೆಲ್ಲ ಕೇಳಿಕೊಂಡು ಹೋಗಿದ್ದರಂತೆ. ಇನ್ನೊಬ್ಬ, ಹಾನಗಲ್ಲಿನಲ್ಲಿ ಬೋರ್ಡು ಹಾಕಿ ಎಂಟು ತಿಂಗಳಾಗಿದ್ದರೂ ಒಂದು ಕೇಸೂ ಬಾರದೆ, ದಿನವೂ ಕರಿ ಕೋಟು ತೊಟ್ಟು ಹೋಗಿ ಸಪ್ಪೆ ಮುಖದಲ್ಲಿ ಮರಳುತ್ತಿದ್ದ ನನ್ನ ಮಗ ಶ್ರೀನಿವಾಸ.

"ಸೀನಪ್ಪಗ ಕೊಡ್ಲೇನು ಅಂತ ಕೇಳ್ಕೋತೇನ್ರಿ ಆಚಾರ್ರ. ಬಲಕ್ಕ ಬಂದ್ರ ಅವ್ರಿಗೆ, ಎಡಕ್ಕ ಬಂದ್ರ ಶಿಗ್ಗಾವಿಗೆ. ಹನುಮಪ್ಪ ಹೇಳಿದಂಗ."

ಗುಡಿಗೆ ಬಂದು ಹೀಗೆಂದ ಗಂಗವ್ವನ ಬಲಗೈ ಪಟ್ಟಿಯಲ್ಲಿ ಜೋತುಬಿದ್ದಿತ್ತು. ಎಡಗೈ ಒಂದನ್ನೇ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಮಲ್ಲಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಎಸಳು ಅಂಟಿಸುವಾಗ ನನ್ನ ಮನಸ್ಸಿನಲ್ಲಿ ಕಪಟ ಇರಲಿಲ್ಲ — ಇರಲಿಲ್ಲವೆಂದೇ ಅಂದುಕೊಂಡಿದ್ದೇನೆ. ಸ್ವಲ್ಪ ಹೊತ್ತಿಗೆ ಎಡಗಡೆಯ ಎಸಳು ಜಾರಿತು, ಪಾದದ ಹತ್ತಿರ ಬಿತ್ತು. ನಾನು ಗಂಗವ್ವನ ಮುಖ ನೋಡಿದೆ. ಕಣ್ಣು ಮುಚ್ಚಿಯೇ ಇದ್ದವು. ಬಗ್ಗಿ, ಬಿದ್ದ ಎಸಳನ್ನು ಎತ್ತಿ ಮತ್ತೆ ಎಡಭುಜಕ್ಕೆ ಅಂಟಿಸಿದೆ. ಬೆರಳ ತುದಿಯಿಂದ ಬಲಗಡೆಯದನ್ನು ಕೆಡವಿದೆ.

"ಬಲಕ್ಕ ಕೊಟ್ಟಾನ, ಗಂಗವ್ವ," ಎಂದೆ.

ಅವಳು ಕಣ್ಣು ತೆರೆದು ನಕ್ಕಳು. ಅಪಘಾತವಾದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ದೇವರ ಮೇಲೆ ನನಗೆ ನಂಬಿಕೆ ಇದ್ದಿದ್ದರೆ ಹಾಗೆ ಮಾಡುವ ಧೈರ್ಯ ಬರುತ್ತಿತ್ತೇ? ಇಲ್ಲದಿದ್ದರೆ ಇಷ್ಟು ವರ್ಷ ಆ ಭುಜಗಳಿಗೆ ನೀರು ಸವರಿ ಜನರನ್ನು ಕಾಯಿಸಿದ್ದು ಏತಕ್ಕೆ? ಎಷ್ಟು ಯೋಚಿಸಿದರೂ — ಇರಲಿ. ಗೊತ್ತಿರುವುದು ಇಷ್ಟೇ, ಆ ಗಳಿಗೆಯಲ್ಲಿ ನನಗೆ ಗಂಗವ್ವನ ಕೈ ಕಾಣಲಿಲ್ಲ, ಮಗನ ಸಪ್ಪೆ ಮುಖ ಕಂಡಿತು.

ಶ್ರೀನಿವಾಸ ಕೆಟ್ಟವನಲ್ಲ. ಆದರೆ ಅವನಿಗೆ ತಿಳಿಯದ್ದೇ ಬಹಳ ಇತ್ತು, ಹಿರಿಯ ವಕೀಲರನ್ನು ಕೇಳಲು ಸಂಕೋಚ ಬೇರೆ. ಡಾಕ್ಟರನ್ನು ಸಾಕ್ಷಿಗೆ ಕರೆಸಲಿಲ್ಲ. ಅರ್ಜಿಯಲ್ಲಿ ಗಂಗವ್ವನ ಉದ್ಯೋಗ ಮನೆಗೆಲಸ ಎಂದು ಬರೆದುಬಿಟ್ಟಿದ್ದ. ತಪ್ಪು ಗೊತ್ತಾದಾಗ ನನ್ನ ಹತ್ತಿರ ಬಂದ. "ಅಪ್ಪಾ, ನೀವು ಬಂದು ಒಂದು ಮಾತು ಹೇಳ್ರಿ. ಆಕಿ ಮಾಲಿ ಕಟ್ಟೇ ಬದುಕ್ತಿದ್ಲು ಅಂತ. ನಿಮ್ಮಷ್ಟು ಗೊತ್ತಿದ್ದವರು ಯಾರಿದ್ದಾರ?"

ಮೊಣಕಾಲು ನೋವು ಎಂದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ. ಸಾಕ್ಷಿಕಟ್ಟೆಯಲ್ಲಿ ನಿಂತು, ಸತ್ಯವನ್ನೇ ಹೇಳುತ್ತೇನೆ ಎಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಲ್ಲ — ಅದಕ್ಕೆ ಅಂಜಿದೆ. ಗುಡಿಯಲ್ಲಿ ಅಂಜದವನು ಕೋರ್ಟಿನಲ್ಲಿ ಅಂಜಿದೆ.

ನಡುವೆ ಮಲ್ಲಪ್ಪ ವಕೀಲರನ್ನು ಬದಲಿಸು ಎಂದು ತಂಗಿಯ ಬೆನ್ನುಹತ್ತಿದ್ದ. ಗುಡಿಯ ಮುಂದೆಯೇ ಜಗಳವಾಯಿತು. "ಹನುಮಪ್ಪ ಕೊಟ್ಟ ವಕೀಲ್ರು ಅವ್ರು. ಬಿಡಾಕ ಬರಂಗಿಲ್ಲ," ಎಂದು ಗಂಗವ್ವ ಖಡಾಖಂಡಿತವಾಗಿ ಹೇಳಿದಳು. ನಾನು ಒಳಗೆ ಆರತಿ ತಟ್ಟೆ ಒರೆಸುತ್ತಿದ್ದೆ. ಎಲ್ಲವೂ ಕೇಳಿಸಿತು. ಆಗಲಾದರೂ ಹೊರಗೆ ಬಂದು ಹೇಳಬಹುದಿತ್ತು, ತಟ್ಟೆ ಒರೆಸುತ್ತಲೇ ಇದ್ದೆ.

ಹೋದ ತಿಂಗಳು ತೀರ್ಪು ಬಂತು. ಕೈ ಶಾಶ್ವತವಾಗಿ ಊನವಾಗಿದೆ ಎಂಬುದಕ್ಕೂ ಪುರಾವೆ ಇಲ್ಲ, ಅವಳು ದುಡಿಯುತ್ತಿದ್ದಳು ಎಂಬುದಕ್ಕೂ ಇಲ್ಲ. ಸಿಕ್ಕ ಪರಿಹಾರ ಶಸ್ತ್ರಚಿಕಿತ್ಸೆಗೆ ಎಲ್ಲಿಯೂ ಸಾಲದು. ಮಗಳು ಕಾಲೇಜು ಬಿಟ್ಟು ಮಾಲೆ ಕಟ್ಟಲು ಕೂತಿದ್ದಾಳೆ. ಗಂಗವ್ವ ಪಕ್ಕದಲ್ಲಿ ಕೂತು ಎಡಗೈಯಿಂದ ಒಂದೊಂದೇ ಹೂ ಎತ್ತಿ ಕೊಡುತ್ತಾಳೆ. ಆ ಮಾಲೆಯನ್ನೇ ನಾನು ದಿನವೂ ಹನುಮಪ್ಪನಿಗೆ ಹಾಕುತ್ತೇನೆ.

ತೀರ್ಪಿನ ಮರುದಿನ ಅವಳು ಬಂದಾಗ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. "ನನ್ನ ನಸೀಬ ಸರಿ ಇಲ್ರಿ ಆಚಾರ್ರ. ಹೂ ಅಂತೂ ಸುಳ್ಳಾಗಂಗಿಲ್ಲ," ಎಂದಳು. ನನ್ನ ಸುಳ್ಳನ್ನು ಆ ಹೆಣ್ಣುಮಗಳು ತನ್ನ ಹಣೆಗೆ ಬರೆದುಕೊಂಡಿದ್ದಳು. ನಾನು ತೀರ್ಥ ಕೊಟ್ಟು ಕಳಿಸಿದೆ.

ಧಾರವಾಡದ ಮೇಲಿನ ಕೋರ್ಟಿಗೆ ಹೋಗಲು ಇನ್ನೂ ಸ್ವಲ್ಪ ದಿನ ಇವೆ. ನಾಳೆ ಶನಿವಾರ, ಹೋಗುವುದೋ ಬೇಡವೋ ಎಂದು ಕೇಳಲು ಗಂಗವ್ವ ಬರುತ್ತಾಳೆ. ಮತ್ತೆ ಹೂವನ್ನೇ ಕೇಳುತ್ತಾಳೆ, ಹೋಗುವುದಾದರೂ ಹನುಮಪ್ಪ ಕೊಟ್ಟ ವಕೀಲನ ಜೊತೆಗೇ ಹೋಗುತ್ತಾಳೆ.

ಈ ಹಾಳೆಗಳನ್ನು ಶ್ರೀನಿವಾಸನ ಮೇಜಿನ ಮೇಲೆ ಇಡುತ್ತೇನೆ. ಓದಿದ ಮೇಲೆ ಅವನು ನನ್ನನ್ನು ಅಪ್ಪಾ ಎನ್ನುತ್ತಾನೋ ಇಲ್ಲವೋ — ಅದು ಅವನಿಗೆ ಬಿಟ್ಟದ್ದು. ಶಿಗ್ಗಾವಿಯ ವಕೀಲರಿಗೆ ಹೇಳಿ ಕಳಿಸು ಎಂದು ಮಲ್ಲಪ್ಪನಿಗೆ ನಾನೇ ಹೇಳುತ್ತೇನೆ. ಕರೆದರೆ ಯಾವ ಕಟ್ಟೆಯನ್ನಾದರೂ ಹತ್ತಿ ಸಾಕ್ಷಿ ನುಡಿಯುತ್ತೇನೆ. ಗುಡಿಯ ಬೀಗದ ಕೈ ಊರಿನವರು ಕೇಳಿದರೆ ಕೊಟ್ಟುಬಿಡುತ್ತೇನೆ. ಇದರಿಂದ ಅವಳ ಬೆರಳು ಮಡಚುವುದಿಲ್ಲ, ಅದು ನನಗೆ ಗೊತ್ತು.

ನಾಳೆ ಅವಳು ರೂಢಿಯಂತೆ ಮೂರ್ತಿಯ ಎದುರು ನಿಂತು, ಎಡಗೈಯನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಲು ಹೊರಡುತ್ತಾಳೆ. ನಾನು ಭುಜಕ್ಕೆ ನೀರು ಸವರುವುದಿಲ್ಲ.

"ಕಣ್ಣ ಮುಚ್ಚಬ್ಯಾಡ, ಗಂಗವ್ವ," ಎನ್ನುತ್ತೇನೆ. "ನನ್ನ ಕೈ ನೋಡು."